ಹಳೇ ಅಂಬಾಸಿಡರ್‌ಗೆ ಬ್ರೇಕ್ ಬೂಸ್ಟರ್ ಕೂರಿಸೋದು ಹೇಗೆ?

ಪ್ರಶ್ನೆ: 1489 ಸಿಸಿ ಪೆಟ್ರೋಲ್ ಗಾಡಿ, ನಾಲ್ಕೂ ಚಕ್ರಕ್ಕೆ ಡ್ರಮ್. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನ ಪೈಪಿಗೆ ತಳ್ಳೋ ಭಾಗ) ಕಾಲಡಿ ನೆಲದ ಕೆಳಗಿದೆ, ಅಲ್ಲಿ ಬೂಸ್ಟರಿಗೆ (ಬ್ರೇಕ್ ಒತ್ತೋ ಶ್ರಮ ಇಳಿಸೋ ಸಾಧನ) ಜಾಗವೇ ಇಲ್ಲ. ದಾರಿ ಇದೆಯಾ?

ಉತ್ತರ 1: ರಿಮೋಟ್ ಸರ್ವೋ (ಮಾಸ್ಟರ್ ಸಿಲಿಂಡರ್‌ನಿಂದ ದೂರ ಕೂರಿಸೋ ಬೂಸ್ಟರ್) ಹಾಕಿ, ಬಾನೆಟ್ ಒಳಗೆ ಕೂರುತ್ತೆ. ಮಾಸ್ಟರ್‌ನಿಂದ ಬರೋ ಪೈಪು ಮುಂದೆ-ಹಿಂದೆ ಕವಲೊಡೆಯೋ ಮೊದಲೇ ಸರ್ವೋ ಬರಬೇಕು. 3/16 ಇಂಚಿನ ಬ್ರೇಕ್ ಪೈಪೇ ಬಳಸಿ. ಸರ್ವೋಗೆ ಬೇಕಾದ ವ್ಯಾಕ್ಯೂಮ್ (ಗಾಳಿಯ ಎಳೆತ) ಎಂಜಿನ್ ಗಾಳಿ ಎಳ್ಕೊಳ್ಳೋ ಇನ್‌ಟೇಕ್ ಮ್ಯಾನಿಫೋಲ್ಡಿಂದ, ನಡುವೆ ನಾನ್-ರಿಟರ್ನ್ ವಾಲ್ವ್ (ಒಂದೇ ದಿಕ್ಕಿಗೆ ಬಿಡೋ ವಾಲ್ವ್). ಈ ವ್ಯಾಕ್ಯೂಮ್ ಲೈನಿಗೆ ನೀರಿನ ಹೋಸ್ ಹಾಕ್ಬೇಡಿ, ಎಳೆತಕ್ಕೆ ಚಪ್ಪಟೆಯಾಗುತ್ತೆ.

ಉತ್ತರ 2: ಮೊದಲು ಬ್ರೇಕ್ ಲೈನರ್ ಸವೆದಿದೆಯಾ ನೋಡಿ, ಡ್ರಮ್ ಒಳಗಿನ ಬ್ರೇಕ್ ಶೂ ಅಡ್ಜಸ್ಟ್ ಮಾಡಿ. ಅರ್ಧ ಜನಕ್ಕೆ ಅಷ್ಟರಲ್ಲೇ ಬೂಸ್ಟರ್ ಆಸೆ ಹೋಗುತ್ತೆ! ಸರ್ವೋ ಕಾಲಿನ ಶ್ರಮ ಇಳಿಸುತ್ತೆ ಅಷ್ಟೇ, ಡ್ರಮ್ ಬಿಸಿಯಾಗಿ ಹಿಡಿತ ತಪ್ಪೋದನ್ನ ತಡೆಯಲ್ಲ. ಎಂಜಿನ್ ಸವೆದು ವ್ಯಾಕ್ಯೂಮ್ ಕಮ್ಮಿಯಿದ್ರೆ ಅದೂ ಇಲ್ಲ.

ಉತ್ತರ 3: ಬ್ಲೀಡಿಂಗ್ (ಬ್ರೇಕ್ ಪೈಪಲ್ಲಿರೋ ಗಾಳಿ ಹೊರಹಾಕೋದು) ಎಂಜಿನ್ ಆಫ್ ಮಾಡಿಯೇ. ಆಮೇಲೆ ಪೆಡಲ್ ನಾಲ್ಕೈದು ಸಲ ಒತ್ತಿ, ಒತ್ತಿಹಿಡಿದೇ ಸ್ಟಾರ್ಟ್ ಮಾಡಿ: ಪೆಡಲ್ ಸ್ವಲ್ಪ ಕೆಳಗಿಳಿದ್ರೆ ಸರ್ವೋ ಕೆಲಸ ಮಾಡ್ತಿದೆ. ಪೆಡಲ್ ಬಿಟ್ಟ ಮೇಲೂ ಬ್ರೇಕ್ ಹಿಡ್ಕೊಂಡೇ ಇದ್ರೆ ಪುಶ್‌ರಾಡ್ (ಪೆಡಲ್‌ನಿಂದ ಮಾಸ್ಟರ್ ಸಿಲಿಂಡರ್ ತಳ್ಳೋ ಕಡ್ಡಿ) ಫ್ರೀ ಪ್ಲೇ, ಅಂದ್ರೆ ಸಡಿಲ, ಇದೆಯಾ ನೋಡಿ. ಹೊರಗೆಲ್ಲೂ ಸೋರದೆ ಆಯಿಲ್ ಇಳೀತಾ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬಂದ್ರೆ ಸರ್ವೋ ಸೀಲ್ ಹೋಗಿ ಬ್ರೇಕ್ ಆಯಿಲನ್ನ ಎಂಜಿನ್ ಕುಡೀತಿದೆ ಅಂತ. ಗಾಡಿ ಓಡಿಸ್ಬೇಡಿ.