ಚಿಹ್ನೆ ಇದ್ದ ಮೇಲೆ ಕನ್ನಡ ಯಾಕೆ?

ಪೈವಳಿಕೆ ಮೊಮ್ಮಗ, ಬೆಂಗಳೂರು:
ಅಜ್ಜಿಮನೆ ಕಾಸರಗೋಡು ಜಿಲ್ಲೆಯ ಪೈವಳಿಕೆ. ಅಲ್ಲಿ ಮತಪತ್ರದಲ್ಲಿ ಮಲಯಾಳದ ಜೊತೆ ಕನ್ನಡವೂ ಇರುತ್ತದೆ. ಖುಷಿಯೇ. ಆದರೆ ಚಿಹ್ನೆ ಇದೆ, ಈಗ ಅಭ್ಯರ್ಥಿಯ ಫೋಟೋ ಕೂಡ ಇದೆ. ಎರಡು ಭಾಷೆ ಸುಮ್ನೆ ಖರ್ಚಲ್ವಾ?

ಟೀಚರ್, ಕುಂಬಳೆ:
ಒಂದೇ ಹಾಳೆಯಲ್ಲಿ ಇನ್ನೊಂದು ಸಾಲು ಬಂದರೆ ಎಷ್ಟು ಖರ್ಚು ಮಾರಾಯ?

ಹೆಸರು ಓದುವುದು ಸಣ್ಣ ವಿಷಯವಲ್ಲ. 2016ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಮಂಜೇಶ್ವರ ಕ್ಷೇತ್ರದಲ್ಲಿ ಬಿಜೆಪಿಯ ಕೆ. ಸುರೇಂದ್ರನ್ ಸೋತದ್ದು ಬರೀ 89 ಮತಕ್ಕೆ. ಅದೇ ಕಣದಲ್ಲಿದ್ದ, ಹೆಸರು ಹೋಲುವ ಕೆ. ಸುಂದರ ಅವರಿಗೆ 400 ದಾಟಿ ಬಿದ್ದಿತ್ತು. ಹೆಸರು ನೋಡಿ ಒತ್ತುವವರೂ ಇದ್ದಾರೆ.

ಆದರೆ ನನ್ನನ್ನು ಕೇಳಿದರೆ ಮತಯಂತ್ರಕ್ಕಿಂತ ಮತದಾರರ ಪಟ್ಟಿಯೇ ಮುಖ್ಯ. ಕರಡು ಮತದಾರರ ಪಟ್ಟಿ ಬಂದಾಗ ನೆರೆಮನೆಯ ಹೆಂಗಸರು ಶಾಲೆಗೆ ಬರುತ್ತಿದ್ದರು. ಮನೆ ನಂಬರ್, ಗಂಡನ ಹೆಸರು, ವಯಸ್ಸು, ಹೀಗೆ ಬೆರಳಿಟ್ಟು ಒಂದೊಂದೇ ಸಾಲು ಇಳಿಯುವುದು. "ಟೀಚರೇ, ಸೊಸೆಯ ಹೆಸರೇ ಇಲ್ಲವಲ್ಲ!" ಅಂದರೆ ಹೆಸರು ಸೇರಿಸುವ ಆರನೇ ನಂಬರ್ ಫಾರ್ಮ್ ತುಂಬಿಸಲು ಇನ್ನೂ ಸಮಯ ಇರುತ್ತಿತ್ತು. ಪಟ್ಟಿ ಓದಲು ಬಾರದಿದ್ದರೆ ಅದು ಗೊತ್ತಾಗುವುದು ಮತದಾನದ ದಿನ, ಕ್ಯೂ ನಿಂತ ಮೇಲೆ. ಆಗ ಚಿಹ್ನೆ ಕಟ್ಟಿಕೊಂಡು ಏನು ಮಾಡುವುದು?

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಶಾಲೆಗಳು ಉಳಿದವು. ಅಲ್ಲಿ ಓದಿದ ಎಷ್ಟೋ ಹಿರಿಯರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. 1969ರ ಕೇರಳದ ಭಾಷಾ ಕಾಯ್ದೆಯಲ್ಲೇ ಕನ್ನಡಿಗರು, ತಮಿಳರು ಸರ್ಕಾರಕ್ಕೆ ತಮ್ಮ ಭಾಷೆಯಲ್ಲಿ ಬರೆಯಬಹುದು ಅಂತಿದೆ. ಮತ್ತೆ ಮತದಾರರ ಪಟ್ಟಿ ಅವರಿಗೆ ಓದಲು ಬಾರದ ಭಾಷೆಯಲ್ಲಿ ಮಾತ್ರ ಇರಬೇಕೇ?

ಉಪ್ಪಳದವ:
ಟೀಚರೇ, ನಮ್ಮಲ್ಲಿ ಮನೆಮಾತು ತುಳು, ಬ್ಯಾರಿ, ಕೊಂಕಣಿ. ಅದರಲ್ಲೂ ಅಚ್ಚು ಹಾಕಿಸ್ತೀರಾ?

ಟೀಚರ್, ಕುಂಬಳೆ:
ಮನೆಯಲ್ಲಿ ಏನಾದರೂ ಮಾತಾಡಿ. ನೀವೇ ಈಗ ಕನ್ನಡದಲ್ಲಿ ಬರೆದು ಕೇಳಿದಿರಲ್ಲ! ಓದಲು ಬರುವುದರಲ್ಲಿ ಕೊಡಲಿ, ಸಾಕು.

ಬೆಳಗಾವಿಯಿಂದ:
ಹಂಗಾದ್ರ ನಮ್ಮ ಕಡೆ ಮರಾಠಿಗರು ಕೇಳಿದರೂ ಒಪ್ತೀರೇನ್ರಿ?

ಟೀಚರ್, ಕುಂಬಳೆ:
ಒಪ್ಪದೆ ಏನು? ಖಾನಾಪುರದ ಅಜ್ಜಿಗೊಂದು ನ್ಯಾಯ, ಪೈವಳಿಕೆ ಅಜ್ಜಿಗೊಂದು ನ್ಯಾಯ ಅಂದರೆ ನಾಳೆ ನಾನು ಯಾವ ಮುಖ ಇಟ್ಟುಕೊಂಡು ಇಲ್ಲಿ ಕನ್ನಡ ಕೇಳಲಿ? ಗಡಿ ಜಗಳ ಬೇರೆ, ಅದನ್ನು ಪಟ್ಟಿಯೊಳಗೆ ತರಬೇಡಿ.

ಪೈವಳಿಕೆ ಮೊಮ್ಮಗ:
ಸರಿ ಟೀಚರ್. ಅಜ್ಜಿ ಹೆಸರು ಎಲ್ಲಿ ನೋಡಲಿ?

ಟೀಚರ್, ಕುಂಬಳೆ:
ಚುನಾವಣಾ ಆಯೋಗದ ಜಾಲತಾಣದಲ್ಲಿದೆ. ಇಲ್ಲದಿದ್ದರೆ ನಿಮ್ಮ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಹತ್ತಿರ ಕೇಳಿ. ಹೆಸರಿನ ಜೊತೆ ವಯಸ್ಸನ್ನೂ ನೋಡಿ.