ರೇಷ್ಮೆ ಗೂಡಿನ ಲೆಕ್ಕ ಬರುತ್ತೆ, ಟೆಸ್ಟಿನ ಲೆಕ್ಕ ಯಾಕೆ ಬರಲ್ಲ?

ಪ್ರಶ್ನೆ (ಶಿಡ್ಲಘಟ್ಟದ ತಾಯಿ): ಮೇಡಂ, ಮಗಳು ಒಂಬತ್ತನೇ ಕ್ಲಾಸು. ಗಣಿತದ ಟೆಸ್ಟ್ ಇದ್ದ ದಿನ ಬೆಳಗ್ಗೆನೇ ಹೊಟ್ಟೆನೋವು, ತಿಂಡಿ ಮುಟ್ಟಲ್ಲ. ಹೋದ ಸಲ 80ಕ್ಕೆ 19. ಮೊನ್ನೆ ಅವರಪ್ಪ ಮಾರ್ಕೆಟ್ಟಿಂದ ಬಂದು "62 ಕೆಜಿ ಗೂಡು, 540ರ ಹಾಗೆ ಹೋಯ್ತು" ಅಂದ್ರೆ, ಕಾಫಿ ಲೋಟ ಕೈಗೆ ಕೊಡೋದರೊಳಗೆ "33,480" ಅಂದಳು! ಟೆಸ್ಟಿಗೆ ನಾಟಕ ಆಡ್ತಾಳೆ ಅಂತಾರೆ ಅವರಪ್ಪ. ಹೌದಾ?

ಉತ್ತರ (ಆಪ್ತಸಮಾಲೋಚಕಿ, ಚಿಕ್ಕಬಳ್ಳಾಪುರ): ನಾಟಕ ಅಲ್ಲಮ್ಮ, ಆ ಹೊಟ್ಟೆನೋವು ನಿಜವಾದ್ದೇ. ಲೆಕ್ಕ ಮಾಡುವಾಗ ಒಂದು ಅಂಕಿ ನೆನಪಲ್ಲಿಟ್ಟುಕೊಂಡು ಇನ್ನೊಂದನ್ನು ಕೂಡಬೇಕು. ಅದಕ್ಕೆ ತಲೆಯಲ್ಲಿರೋ ಜಾಗ ಸ್ವಲ್ಪವೇ. "ಫೇಲಾದ್ರೆ ಅಪ್ಪ ಏನಂತಾರೋ" ಅನ್ನೋ ಯೋಚನೆ ಬಂದು ಅದೇ ಜಾಗದಲ್ಲಿ ಕೂತರೆ ಅಂಕಿ ಜಾರಿಹೋಗುತ್ತೆ.

33,480 ಹೇಗೆ ಬಂತು ಅಂತ ಅವಳನ್ನೇ ಕೇಳಿ. 60 ಕೆಜಿಗೆ 32,400, ಮಿಕ್ಕ ಎರಡಕ್ಕೆ 1,080 ಅಂತ ಕೂಡಿರ್ತಾಳೆ, ನೋಡಿ ಬೇಕಾದ್ರೆ. ಬೀಜಗಣಿತದಲ್ಲಿ 540(60 + 2) ಅಂತ ಆವರಣ ಬಿಡಿಸೋದು ಅಂದ್ರೂ ಇದೇ ಅಂತ ಅವಳಿಗೆ ಯಾರೂ ಹೇಳಿಲ್ಲ ಅಷ್ಟೆ.

ಒಂದು ಕೆಲಸ ಮಾಡಿ. ಅದೇ ಪ್ರಶ್ನೆಪತ್ರಿಕೆಯ ಅಂಕಿ ಬದಲಿಸಿ ಭಾನುವಾರ ಕೊಡಿ. ಗಡಿಯಾರ ಬೇಡ, ಪಕ್ಕದಲ್ಲಿ ಯಾರೂ ಕೂರೋದು ಬೇಡ. ಅಂಕ ಏರಿದರೆ ಅಷ್ಟೂ ಭಯ ನುಂಗಿದ್ದು. ಏರದಿದ್ದರೆ ಪಾಠದಲ್ಲೇ ಎಲ್ಲೋ ಎಡವಿದ್ದಾಳೆ. ಸಾಮಾನ್ಯವಾಗಿ ಎರಡೂ ಇರುತ್ತೆ. ಡಿಸ್ಕ್ಯಾಲ್ಕುಲಿಯಾ ಅನ್ನೋದು ಬೇರೆ ತೊಂದರೆ, ಅದರಲ್ಲಿ ಚಿಲ್ಲರೆ ಎಣಿಸೋದೇ ಕಷ್ಟ. ಗೂಡಿನ ಲೆಕ್ಕ ಹೀಗೆ ಹೇಳೋ ಹುಡುಗಿಗೆ ಅದಿರೋ ಹಾಗೆ ಕಾಣಲ್ಲ.

ತಾಯಿ: "ನಂಗೂ ಲೆಕ್ಕ ಬರ್ತಿರ್ಲಿಲ್ಲ ಬಿಡು" ಅಂತ ಸಮಾಧಾನ ಮಾಡ್ತಿದ್ದೆ ಮೇಡಂ. ಟೆಸ್ಟ್ ದಿನ ಇನ್ನೇನು ಮಾಡಲಿ?

ಉತ್ತರ: ಮೊದಲು ಆ ಮಾತು ಬಿಡಿ! ನಮ್ಮಮ್ಮನೂ ನನಗೆ ಅದನ್ನೇ ಹೇಳ್ತಿದ್ದರು, ಲೆಕ್ಕ ನಮ್ಮ ವಂಶಕ್ಕೇ ಇಲ್ಲ ಅಂತ ನಂಬಿಕೊಂಡಿದ್ದೆ. 2015ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಗಣಿತ ಅಂದ್ರೆ ಹೆದರೋ ತಂದೆತಾಯಿ ಪದೇಪದೇ ಹೋಂವರ್ಕಿಗೆ ಕೂತಾಗ 1, 2ನೇ ಕ್ಲಾಸಿನ ಮಕ್ಕಳು ಆ ವರ್ಷ ಗಣಿತ ಕಲಿತಿದ್ದೇ ಕಡಿಮೆ. ಭಯವೂ ಅಂಟಿತ್ತು.

ಟೆಸ್ಟಿಗೆ ಮುಂಚೆ 10 ನಿಮಿಷ ಏನೇನು ಭಯ ಆಗ್ತಿದೆ ಅಂತ ಹಾಳೆ ಮೇಲೆ ಬರೆಯಲಿ. ತಪ್ಪು ತಿದ್ದಬೇಡಿ, ಓದಲೂಬೇಡಿ. ಷಿಕಾಗೋದಲ್ಲಿ ಹೀಗೆ ಬರೆಸಿ ನೋಡಿದ್ದು 2011ರಲ್ಲಿ ಪ್ರಕಟವಾಯ್ತು, ಹೆದರೋ ಮಕ್ಕಳ ಅಂಕವೇ ಏರಿತ್ತು. ಒಳಗೆ ಹೋದಮೇಲೆ ಬರೋ ಲೆಕ್ಕದಿಂದಲೇ ಶುರುಮಾಡಲಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆಪತ್ರಿಕೆ ಓದೋಕೇ 15 ನಿಮಿಷ ಇರುತ್ತೆ, ಅಂಥವನ್ನು ಗುರುತು ಹಾಕಿಕೊಳ್ಳೋಕೆ ಸಾಕು. ಟೆಸ್ಟ್ ಇಲ್ಲದ ದಿನವೂ ನಿದ್ದೆ, ಊಟ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಗೌರಿಬಿದನೂರಿನ ಶಿಕ್ಷಕರೊಬ್ಬರು: ಬೋರ್ಡಿಗೆ ಕರೆದರೆ ಅಳೋ ಮಕ್ಕಳಿಗೆ ಏನ್ ಮಾಡೋದು ಮೇಡಂ?

ಉತ್ತರ: ಇಬ್ಬಿಬ್ಬರನ್ನು ಕರೀರಿ ಸರ್. ಮಗ್ಗಿಗೆ ಸೆಕೆಂಡು ಎಣಿಸಬೇಡಿ.

ತಾಯಿ (ಮುಂದಿನ ಸೋಮವಾರ): ಭಾನುವಾರ ಕೊಟ್ಟೆ ಮೇಡಂ. 43 ಬಂತು! ತ್ರಿಭುಜ ಮಾತ್ರ ಮುಟ್ಟೇ ಇಲ್ಲ.

ಉತ್ತರ: ಹಾಗಾದ್ರೆ ತ್ರಿಭುಜದಿಂದ ಹಿಡೀರಿ. ಆ 43 ಅವರಪ್ಪನಿಗೆ ತೋರಿಸಿದ್ರಾ?