ಸಹಾಯ ಬೇಕು: ಹಂಚಿನ ಸಂದಿಯಲ್ಲಿ ಗೊರವಂಕದ ಗೂಡು

ಮೆಲ್ಬರ್ನ್‌ನಲ್ಲಿರುವ ಕನ್ನಡಿಗರೇ, ಒಂದು ಸಲಹೆ ಬೇಕಾಗಿದೆ. ನಮ್ಮ ಮನೆಯ ಸೂರಿನಲ್ಲಿ ಹಂಚು ಜರುಗಿದ ಸಂದಿಗೆ ಗೊರವಂಕದ ಜೋಡಿಯೊಂದು ಸೇರಿಕೊಂಡಿದೆ. ಒಣಹುಲ್ಲಿನ ಜೊತೆ ಚಿಪ್ಸ್ ಪೊಟ್ಟಣದ ಚೂರೂ ಹೊರಗೆ ನೇತಾಡುತ್ತಿದೆ. ಮೂರು ದಿನಗಳಿಂದ ಮರಿಗಳ ಕೂಗು ಕೇಳಿಸುತ್ತಿದೆ.

ಊರಿನಲ್ಲಿ ಉಳುವ ಎತ್ತುಗಳ ಹಿಂದೆ ಹುಳ ಹೆಕ್ಕುತ್ತಾ ನಡೆಯುತ್ತಿದ್ದ ಹಕ್ಕಿಯೇ ಇದು. ಕೀಟ ತಿನ್ನಲೆಂದು 1862ರಲ್ಲಿ ಇಲ್ಲಿಗೆ ತಂದು ಬಿಟ್ಟರು. ಈಗ ಮರದ ಪೊಟರೆಗಳನ್ನು ಹಿಡಿದುಕೊಂಡು ಇಲ್ಲಿನ ಗಿಳಿಗಳನ್ನೇ ಹೊರದಬ್ಬುತ್ತಿದೆ. ನಮ್ಮ ಹಿತ್ತಲಿನ ಗೂಡುಪೆಟ್ಟಿಗೆಯಿಂದ ರೊಸೆಲ್ಲಾ ಗಿಳಿಗಳ ಜೋಡಿಯನ್ನು ಓಡಿಸಿದ್ದನ್ನು ಕಣ್ಣಾರೆ ಕಂಡೆ. ನೆರೆಯವರು ‘ಇಂಡಿಯನ್ ಮೈನಾ’ ಎಂದು ಬೈಯುವಾಗ ನನಗೇ ಬೈದಂತಾಗುತ್ತದೆ, ಅದು ಬೇರೆ ಮಾತು.

ಗುರುತು ತಪ್ಪಿಲ್ಲ: ಕಂದು ಮೈ, ಹಾರಿದಾಗ ರೆಕ್ಕೆಯಲ್ಲಿ ಬಿಳಿ ಮಚ್ಚೆ. ಬೂದು ಬಣ್ಣದ ಸ್ಥಳೀಯ ಹಕ್ಕಿ ನಾಯ್ಸಿ ಮೈನರ್ ಅಲ್ಲ.

ಮರಿಗಳು ಹಾರಿಹೋದ ಮೇಲೆಯೇ ಸಂದಿ ಮುಚ್ಚಬೇಕೆಂದಿದ್ದೇನೆ. ಅದಕ್ಕೆ ತಂತಿಜಾಲರಿ ಸಾಕೇ, ಹಂಚನ್ನೇ ಸರಿಪಡಿಸಬೇಕೇ? ಗೂಡುಪೆಟ್ಟಿಗೆಯ ಬಾಯಿಗೆ ಅಡ್ಡಹಲಗೆ ಹೊಡೆದರೆ ರೊಸೆಲ್ಲಾ ನುಸುಳುತ್ತದೆ, ಗೊರವಂಕ ಹಿಂಜರಿಯುತ್ತದೆ ಎನ್ನುತ್ತಾರೆ. ಯಾರಾದರೂ ಮಾಡಿ ನೋಡಿದ್ದೀರಾ? ಹಲಗೆಗೂ ಬಾಯಿಗೂ ಎಷ್ಟು ಅಂತರ ಬಿಟ್ಟಿರಿ? ಫೋಟೋ ಇದ್ದರೆ ದಯವಿಟ್ಟು ಹಾಕಿ.